ನವಣೆ ಎಂಬ ಕುದುರೆಯ ಕ್ಷೇಮಸಮಾಚಾರ

ಸರಸ್ವತಿಪುರಂ, ಮೈಸೂರು
12 ಮೇ 1960

ಪ್ರಿಯ ಬಿಂದು,

ನಿನ್ನ ಕಾಗದ ಬಂದು ಎರಡು ವಾರವಾಯಿತು. ಪರೀಕ್ಷೆಯ ಉತ್ತರಪತ್ರಿಕೆಗಳಿಂದ ತಡವಾಯಿತು ಎಂದು ಬರೆಯಬಹುದಿತ್ತು. ಆದರೆ ಅವನ್ನು ತಿದ್ದಿ ಮುಗಿಸಿ ಹತ್ತು ದಿನವಾಗಿದೆ. ಈ ಸಲದ ಸರದಿ ನನ್ನದು, ಯಾವ ಜಾತಿಯ ಕುದುರೆಯನ್ನು ಹೊಗಳಬೇಕೆಂದು ತೋಚಲಿಲ್ಲ, ಅಷ್ಟೆ. ಅಪ್ಪ ಅರಮನೆ ಲಾಯ ನೋಡಿಕೊಳ್ಳುವ ದರೋಗರಾಗಿದ್ದಾಗ ಗೋಡೆಯ ಮೇಲೆ ಕೂತು ನಾವಿಬ್ಬರು ಆಡುತ್ತಿದ್ದ ಆಟವನ್ನು ನಲವತ್ತನಾಲ್ಕು ವರ್ಷದ ಟೀಚರೊಬ್ಬಳು ಇನ್ನೂ ತಮ್ಮನ ಜೊತೆ ಅಂಚೆಯಲ್ಲಿ ಆಡುತ್ತಿದ್ದಾಳೆಂದು ತಿಳಿದರೆ ನನ್ನ ಹುಡುಗಿಯರು ಏನೆಂದಾರು? ಒಬ್ಬರು ಹೊಗಳಬೇಕು, ಇನ್ನೊಬ್ಬರು ತೆಗಳಬೇಕು. ಸರಿ, ಹೊಗಳುತ್ತೇನೆ.

ಅರಬಿ. ಯಾರೋ ಹಸಿಮಣ್ಣಿನ ಮೇಲೆ ಹೆಬ್ಬೆರಳು ಒತ್ತಿದ ಹಾಗೆ ಮೂಗಿನ ಮೇಲೆ ಒಂದು ತಗ್ಗು. ಬಾಲವನ್ನು ಎತ್ತಿ ಹಿಡಿದು ನಡೆಯುವ ರೀತಿ. ತೆಳು ಚರ್ಮದ ಕೆಳಗೆ ನರಗಳು ಕಾಣುತ್ತವೆ, ಬಿಸಿಲಿನಲ್ಲಿ ನಿಂತರೆ ಇನ್ನೂ ಚೆನ್ನಾಗಿ ಕಾಣುತ್ತವೆ. ಆದರೆ ನನಗೆ ಇಷ್ಟವಾಗುವುದು ಇದ್ಯಾವುದೂ ಅಲ್ಲ. ಬೇರೆ ಕುದುರೆಗಳನ್ನು ನಾವು ನೋಡಲು ಹೋಗುತ್ತೇವೆ. ಅರಬಿ ನಮಗೆ ದರ್ಶನ ಕೊಡುತ್ತದೆ. ಈಗ ನೀನು ತೆಗಳು.

ಪೇಪರಿನಲ್ಲಿ ನಿಮ್ಮ ಕಡೆ ಕುದುರೆಗಳಿಗೆ ಏನೋ ಜಾಡ್ಯ ಬಂದಿದೆ, ಆಫ್ರಿಕಾದಿಂದ ಬಂದದ್ದು ಎಂದು ಓದಿದೆ. ನಿನ್ನ ಕಾಗದದಲ್ಲಿ ಅದರ ಸುದ್ದಿಯೇ ಇಲ್ಲ. ನುಸಿ ಕಚ್ಚಿದರೆ ಹರಡುತ್ತದಂತೆ, ಹೌದೆ? ದಕ್ಷಿಣಕ್ಕೆ ಬರುತ್ತದೆಯೆ? ಮೈಸೂರಿನಷ್ಟು ದೂರ?

ನಿನ್ನ ನವಣೆ ಚೆನ್ನಾಗಿದ್ದಾಳೆ. ನಂಜುಂಡಯ್ಯನವರ ತೋಟದಲ್ಲಿ ಮಾವಿನ ಮರದ ಕೆಳಗೆ ನಿಂತು ಬಿದ್ದ ಕಾಯಿಗಳನ್ನು ಮೂಸುತ್ತಾಳಂತೆ. ಮುಂಗೂದಲಲ್ಲಿ ನಾಲ್ಕೈದು ನರೆಕೂದಲು ಬಂದಿವೆ. ಹದಿನಾಲ್ಕು ವರ್ಷವಾಯಿತಲ್ಲ.

ಪ್ರೇಮಕ್ಕ


ಜೈಪುರ
19 ಮೇ 1960

ಅಕ್ಕಾ,

ಅರಬಿ ದರ್ಶನ ಕೊಡುತ್ತದೆ, ಒಪ್ಪಿದೆ. ಆಮೇಲೆ ತೀರ್ಥ ಕೊಡಲೋ ಬೇಡವೋ ಎಂದು ಅರ್ಧ ಗಂಟೆ ಯೋಚಿಸುತ್ತದೆ. ಥೇಟ್ ನಮ್ಮ ಸೋದರತ್ತೆ.

ನನ್ನ ಸರದಿಗೆ ನವಣೆಯ ಜಾತಿ, ಕಾಠಿಯಾವಾಡಿ. ‘ಮತ್ತೆ ಅದೇನಾ’ ಅನ್ನಬೇಡ. ಇಲ್ಲಿ ಕಣ್ಣೆದುರಿಗೇ ಮಾರವಾಡಿ ಕುದುರೆಗಳಿವೆ, ಎತ್ತರ, ಉದ್ದ ಕಾಲು, ಮರಳಿನಲ್ಲಿ ಹೂತುಹೋಗದ ಗೊರಸು. ಕಿವಿ ಇವುಗಳದ್ದೂ ಒಳಮುಖವಾಗಿ ಬಾಗಿರುತ್ತದೆ. ಆದರೆ ಕಾಠಿಯಾವಾಡಿಯ ಎರಡು ಕಿವಿಗಳ ತುದಿ ಒಂದಕ್ಕೊಂದು ತಾಗುವಾಗ, ನೆತ್ತಿಯ ಮೇಲೆ ಏನೋ ಗುಟ್ಟು ಮಾತಾಡುತ್ತಿವೆ ಅನ್ನಿಸುತ್ತದಲ್ಲ, ಅದು ಇವಕ್ಕಿಲ್ಲ. ಕಡಿಮೆ ಮೇವು, ಕಡಿಮೆ ನೀರು. ಮೇಲೆ ಕೂತವನ ಕೈಯ ಕಾಫಿ ತುಳುಕದ ಹಾಗೆ ನಡೆಯುವ ಆ ರೇವಾಲ್ ನಡೆ. ಇನ್ನು ಆಸ್ಟ್ರೇಲಿಯಾದ ವೇಲರ್‌ಗಳು ಬೀರು ಇದ್ದ ಹಾಗೆ, ಗಟ್ಟಿ, ಉಪಯುಕ್ತ, ಒಳಗೇನಿದೆಯೆಂದು ನೋಡಬೇಕು ಅನ್ನಿಸುವುದಿಲ್ಲ.

ಜಾಡ್ಯದ ವಿಷಯ. ಹಳ್ಳಿಗಳಲ್ಲಿ ಕೆಲವು ಸತ್ತಿವೆ. ನಮ್ಮ ಕುದುರೆ ಸೈನ್ಯದಲ್ಲಿ, ರಿಸಾಲೆಯ ಲಾಯದಲ್ಲಿ, ಎಲ್ಲ ಕ್ಷೇಮ. ಹೊತ್ತು ಮುಳುಗುವ ಮೊದಲೇ ಒಳಗೆ ಕಟ್ಟಿ ಬೇವಿನ ಹೊಗೆ ಹಾಕುತ್ತೇವೆ. ಪೇಪರಿನವರು ದೊಡ್ಡದು ಮಾಡಿದ್ದಾರೆ.

ಆದರೂ ಒಂದು ಕೆಲಸ ಮಾಡಿದ್ದೇನೆ. ನನ್ನ ಜೊತೆ ಓದಿದ ಗುರುಸಿದ್ದಯ್ಯ ಈಗ ಮೈಸೂರಿನಲ್ಲಿ ಪಶುವೈದ್ಯ. ಲಸಿಕೆ ಬಹಳ ಕಡಿಮೆ ಬರುತ್ತಿದೆ. ಮೊದಲು ಸೈನ್ಯಕ್ಕೆ, ಆಮೇಲೆ ತಳಿ ಸಾಕುವವರಿಗೆ, ರೇಸಿನವರಿಗೆ. ಜಟಕಾ ಕುದುರೆಗಳು ಪಟ್ಟಿಯ ಕೊನೆಯಲ್ಲಿ. ನವಣೆ ರಿಸಾಲೆಯಲ್ಲಿದ್ದವಳು ಎಂಬ ಕಾರಣ ತೋರಿಸಿ ಅವಳ ಹೆಸರನ್ನು ಮೇಲೆ ಹಾಕಿಸಿದ್ದೇನೆ. ಅವನೇ ನಂಜುಂಡಯ್ಯನವರ ತೋಟಕ್ಕೆ ಹೋಗಿ ಸೂಜಿ ಹಾಕುತ್ತಾನೆ. ನೀನು ಏನೂ ಮಾಡಬೇಕಾದ್ದಿಲ್ಲ.

ಬಿಂದು


ಸರಸ್ವತಿಪುರಂ
27 ಮೇ 1960

ಬಿಂದು,

ನವಣೆ ತೋಟದಲ್ಲಿಲ್ಲ. ಏಳು ವರ್ಷದಿಂದ ಇಲ್ಲ.

ಮೈಸೂರಿನ ರಿಸಾಲೆಯನ್ನು ಉತ್ತರದವರ ಜೊತೆ ಸೇರಿಸಿ, ಎತ್ತರ ಸಾಲದ ಕುದುರೆಗಳನ್ನು ಇಲ್ಲೇ ಬಿಟ್ಟಾಗ ನೀನು ಅವಳನ್ನು ಕೊಂಡುಕೊಂಡೆ. ನಂಜುಂಡಯ್ಯನವರಿಗೆ ಒಪ್ಪಿಸು ಎಂದು ನನಗೆ ಹೇಳಿ ರೈಲು ಹತ್ತಿದೆ. ನಾನು ಒಪ್ಪಿಸಿದೆ. ಒಂಬತ್ತನೆಯ ದಿನ ಅವರು ವಾಪಸು ಕಳಿಸಿದರು. ಎಡಗಣ್ಣಿನ ಕೆಳಗಿನ ಸುಳಿಯನ್ನು ಅವರ ತಾಯಿ ನೋಡಿದರಂತೆ. ಕಣ್ಣೀರು ಸುಳಿ, ಇಟ್ಟುಕೊಂಡ ಮನೆಯಲ್ಲಿ ಕಣ್ಣೀರು ನಿಲ್ಲುವುದಿಲ್ಲ ಎಂದರಂತೆ. ಅದೇ ವಾರ ಅವರ ಅಳಿಯನಿಗೆ ಜ್ವರ ಬಂದಿತ್ತು.

ಒಂದು ತಿಂಗಳು ಹಿತ್ತಲಲ್ಲಿ ಕಟ್ಟಿಕೊಂಡೆ. ನಾನು ಸ್ಕೂಲಿಗೆ ಹೋದರೆ ಅವಳು ದಿನವಿಡೀ ನಿಂತಲ್ಲೇ ಗುಳಿ ತೋಡುತ್ತಿದ್ದಳು. ಕೆಸರೆಯಿಂದ ಜಟಕಾ ತರುವ ಬೆಟ್ಟಯ್ಯನ ಮುದಿ ತಟ್ಟು ಆ ತಿಂಗಳು ಸತ್ತಿತ್ತು. ಅವನು ಬಂದು ನೋಡಿ, ‘ಸುಳಿ ಇರಾದು ಕುದ್ರೆಗೆ, ನಂಗೇನಾಯ್ತದೆ’ ಎಂದು ಹೊಡೆದುಕೊಂಡು ಹೋದ. ಆದರೆ ಹತ್ತುವವರು ನೋಡಬೇಕಲ್ಲ. ಮದುವೆಯ ದಿಬ್ಬಣದವರೊಬ್ಬರು ಅರ್ಧ ದಾರಿಯಲ್ಲಿ ಇಳಿದುಬಿಟ್ಟರು. ಲಾಳ ಕಟ್ಟುವವನನ್ನು ಕರೆಸಿ ಆ ಸುಳಿಯನ್ನು ಕಾಸಿದ ಕಬ್ಬಿಣದಿಂದ ಸುಡಿಸಿದ. ಬಿಂದು, ನಾನು ಅಲ್ಲಿದ್ದೆ. ಬೇರೆ ಯಾರು ಹಿಡಿದರೂ ಅವಳು ನಿಲ್ಲುತ್ತಿರಲಿಲ್ಲ, ಹಗ್ಗ ಹಿಡಿದವಳು ನಾನು. ಶಕುನ ಸುಳಿ ಎಲ್ಲ ಮೂಢನಂಬಿಕೆ ಎಂದು ತರಗತಿಯಲ್ಲಿ ಪಾಠ ಹೇಳುವವಳು. ಆಗ ನನಗೂ ಒಳಗೆ, ಆ ಸುಳಿ ಹೋದರೆ ಹೋಗಲಿ ಎನ್ನಿಸಿತ್ತೆ? ಯೋಚಿಸಿದರೆ ಇಲ್ಲ ಎಂದು ಖಂಡಿತವಾಗಿ ಹೇಳಲಾರೆ.

ಮರುದಿನ ನಿನ್ನ ಕಾಗದ ಬಂತು. ನವಣೆ ಹೇಗಿದ್ದಾಳೆ ಎಂದು ಕೇಳಿದ್ದೆ. ತೋಟದಲ್ಲಿ ಆರಾಮಾಗಿದ್ದಾಳೆ ಎಂದು ಬರೆದೆ. ಒಂದು ಸಲ ಬರೆದರೆ ಎರಡನೆಯ ಸಲ ಸುಲಭ. ಮಾವಿನ ಮರ ಮೂರನೆಯ ವರ್ಷ ಬಂತು.

ಅವಳು ದಿನವೂ ಒಂಬತ್ತು ಗಂಟೆಗೆ ನನ್ನನ್ನು ಸ್ಕೂಲಿಗೆ ಕರೆದೊಯ್ಯುತ್ತಾಳೆ. ಹಾಗೆ ನೋಡಿದರೆ, ನೀನು ಹೇಳಿದ ಪಟ್ಟಿಯ ಕೊನೆಯಲ್ಲಿರುವ ಕುದುರೆ ಅವಳೇ.

28 ಮೇ, ಬೆಳಿಗ್ಗೆ. ಓದಿ ನೋಡಿದೆ. ಇದನ್ನು ಅಂಚೆಗೆ ಹಾಕಲಾರೆ. ಬೀರುವಿನಲ್ಲಿಡುತ್ತೇನೆ.


ಸರಸ್ವತಿಪುರಂ
28 ಮೇ 1960

ಪ್ರಿಯ ಬಿಂದು,

ಕಾಠಿಯಾವಾಡಿಯ ಬಗ್ಗೆ ನಾನು ತೆಗಳಬೇಕಾದ್ದು: ಬಿಡು, ಈ ಸಲ ಸೋತೆ.

ಗುರುಸಿದ್ದಯ್ಯನವರಿಗೆ ತೊಂದರೆ ಕೊಡುವುದು ಬೇಡ. ತೋಟ ದೂರ, ರಸ್ತೆ ಕೆಟ್ಟಿದೆ. ಅವರು ಇಲ್ಲೇ ಆಸ್ಪತ್ರೆಯಲ್ಲಿದ್ದರೆ ನಾನೇ ಹೇಗಾದರೂ ಅವಳನ್ನು ಊರಿಗೆ ತರಿಸುತ್ತೇನೆ. ಅಥವಾ ಅವರಿಗೆ ಬರೆದು, ಪ್ರೇಮಲೀಲಾ ತೋರಿಸುವ ಕುದುರೆಗೆ ಹಾಕು ಎಂದು ತಿಳಿಸಿಬಿಡು. ನಿನಗೆ ಯಾವುದು ಅನುಕೂಲವೋ ಹಾಗೆ. ಬೇಗ ಉತ್ತರ ಬರೆ.

ಇಲ್ಲಿ ಎರಡು ಮಳೆಯಾಯಿತು. ಸಂಜೆ ದೀಪದ ಸುತ್ತ ನುಸಿ.

ಪ್ರೇಮಕ್ಕ


ಜೈಪುರ
3 ಜೂನ್ 1960

ಅಕ್ಕಾ,

ನಿನ್ನ ಸಂಕೋಚ ನನಗೆ ಗೊತ್ತು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಹೇಳಿಕೊಟ್ಟದ್ದು, ಯಾರಿಗೂ ತೊಂದರೆ ಕೊಡಬಾರದು. ತೊಂದರೆ ಕೊಡು. ಗುರುಸಿದ್ದಯ್ಯ ನನ್ನ ನೋಟ್ಸ್ ಓದಿ ಪಾಸಾದವನು.

ಅವಳನ್ನು ಊರಿಗೆ ತರಿಸಬೇಡ. ಜಟಕಾ ಕುದುರೆಗಳ ಹತ್ತಿರ ಕಟ್ಟಲೇಬೇಡ. ತೋಟದಲ್ಲಿ ಇರುವುದೇ ಒಳ್ಳೆಯದು. ಒಂಬತ್ತನೆಯ ತಾರೀಕು ಗುರುವಾರ ಅವನು ಅಲ್ಲಿಗೆ ಹೋಗುತ್ತಾನೆ, ಲಸಿಕೆಯನ್ನು ಐಸ್ ತುಂಬಿದ ಥರ್ಮಾಸಿನಲ್ಲಿ ಒಯ್ಯಬೇಕು, ತೆಗೆದ ದಿನವೇ ಹಾಕಬೇಕು. ಇಲ್ಲದಿದ್ದರೆ ಚೆಲ್ಲಬೇಕಾಗುತ್ತದೆ. ರಿಸಾಲೆಯ ಹಳೆಯ ದಾಖಲೆಯಿಂದ ಅವಳ ಗುರುತುಗಳನ್ನು ಬರೆದು ಕಳಿಸಿದ್ದೇನೆ.

ಆಟಕ್ಕೆ ಈ ಸಲ ನನಗೆ ಪುರುಸೊತ್ತಿಲ್ಲ. ಯಾವ ಜಾತಿಯಾದರೇನು. ಅರಬಿ, ಮಾರವಾಡಿ, ಇಂಗ್ಲೆಂಡಿನ ರೇಸು ಕುದುರೆ, ಈ ಜಾಡ್ಯ ತಗುಲಿದರೆ ಎಲ್ಲದರ ಕಣ್ಣಿನ ಮೇಲಿನ ಗುಳಿಯೂ ಒಂದೇ ಥರ ತುಂಬಿ ಊದಿಕೊಳ್ಳುತ್ತದೆ. ಕತ್ತೆಗಳಿಗೆ ಏನೂ ಆಗುವುದಿಲ್ಲ. ನಾವು ಯಾರೂ ಕತ್ತೆಯನ್ನು ಹೊಗಳಲಿಲ್ಲ, ನೋಡು.

ನಮ್ಮಲ್ಲಿ ಕ್ಷೇಮ.

ಬಿಂದು


ಸರಸ್ವತಿಪುರಂ
10 ಜೂನ್ 1960

ಬಿಂದು,

ಇದರ ಜೊತೆ ಮೇ 27ರ ಕಾಗದವೊಂದನ್ನು ಇಟ್ಟಿದ್ದೇನೆ. ಮೊದಲು ಅದನ್ನು ಓದು. ಆಮೇಲೆ ಇದು.

ಓದಿದೆಯಾ?

ನಿನ್ನ ಕಾಗದ ಎಂಟನೆಯ ತಾರೀಕು ಸಂಜೆ ಕೈಸೇರಿತು. ನಾನು ಗುರುಸಿದ್ದಯ್ಯನವರ ಮನೆ ಹುಡುಕಿಕೊಂಡು ಹೋಗಿ ಎರಡು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಅದು ಈಗ ಹೊಳೆಯುತ್ತಿದೆ. ಆಗ ಹೊಳೆದದ್ದು ಒಂದೇ: ನಾಳೆ ಅವರು ತೋಟಕ್ಕೆ ಹೋಗುವಷ್ಟರಲ್ಲಿ ನವಣೆ ತೋಟದಲ್ಲಿರಬೇಕು.

ಬೆಳಿಗ್ಗೆ ಬೆಟ್ಟಯ್ಯ ಬಂದಾಗ, ‘ಇವತ್ತು ಸ್ಕೂಲು ಬೇಡ, ಇಲವಾಲದ ಆಚೆ ಹೋಗಬೇಕು, ನವಣೆಗೆ ಸೂಜಿ ಹಾಕಿಸೋಕೆ’ ಎಂದೆ.

‘ಡಾಕ್ಟ್ರು ಇಲ್ಲೇ ಅವ್ರಲ್ಲ ಅವ್ವಾರೆ. ಅಷ್ಟು ದೂರ ಯಾಕೆ?’

ಒಂದು ಮೈಲಿ ಹೋದೆವು. ಆಮೇಲೆ ಹೇಳಿದೆ, ಅವನ ಬೆನ್ನಿಗೆ. ಅವನು ಲಗಾಮು ಎಳೆದು ಜಟಕಾ ನಿಲ್ಲಿಸಿ ತಿರುಗಿ ಕೂತ.

‘ಏಳ್ ವರ್ಸ! ನನ್ ಕುದ್ರೇನ ಕಾಗ್ದದಲ್ಲಿ ತ್ವಾಟಕ್ಕೆ ಕಟ್ಟಾಕಿದ್ರಾ? ಮೇವಾರಾ ಸಂದಾಗ್ ಆಕಿದ್ರಾ?’

‘ಹಾಕಿದ್ದೆ,’ ಎಂದೆ. ‘ಸಂಜೆಗೆ ಬೆಲ್ಲ ಕೂಡ.’

‘ಅಂಗಾರೆ ಸರಿ ಬುಡಿ. ನನ್ ಕೈಲಂತೂ ಬೆಲ್ಲ ಆಯ್ತಿರ್ಲಿಲ್ಲ.’ ಅವನು ನಕ್ಕ. ನಾನು ನಗಲಿಲ್ಲ. ಹೊತ್ತಾಗುತ್ತಿದೆ, ಬೇಗ ಹೊಡಿ ಎಂದೆ. ಈ ಮಾತನ್ನು ನೆನಪಿಟ್ಟುಕೊ, ಬೇಗ ಹೊಡಿ ಎಂದವಳು ನಾನು.

ಹತ್ತು ಮೈಲಿ. ನಾವು ಮುಟ್ಟುವಷ್ಟರಲ್ಲಿ ಜೀಪು ಅಂಗಳದಲ್ಲಿ ನಿಂತಿತ್ತು. ನಂಜುಂಡಯ್ಯನವರು ಜಗಲಿಯ ಮೇಲೆ ಬನಿಯನ್ನಿನಲ್ಲಿ ಕೂತು, ‘ಯಾವ ಕುದುರೆ ಡಾಕ್ಟ್ರೇ? ನನ್ನ ಹತ್ರ ಇರೋದು ಎರಡು ಎಮ್ಮೆ, ಒಬ್ಬ ಅಳಿಯ’ ಎನ್ನುತ್ತಿದ್ದರು.

ನಾನು ಇಳಿದು, ‘ಕುದುರೆ ಇಲ್ಲಿದೆ’ ಎಂದೆ.

ಗುರುಸಿದ್ದಯ್ಯ ನಿನ್ನ ಕಾಗದ ಹಿಡಿದು ಓದಿದರು. ಕಾಠಿಯಾವಾಡಿ ಹೆಣ್ಣು, ನವಣೆ ಬಣ್ಣ, ಬೆನ್ನಿನುದ್ದಕ್ಕೂ ಕಪ್ಪು ಗೆರೆ, ಎಡಗಣ್ಣಿನ ಕೆಳಗೆ ಸುಳಿ. ಬಗ್ಗಿ ನೋಡಿದರು. ಸುಳಿಯ ಜಾಗದಲ್ಲಿ ಕೂದಲಿಲ್ಲದ, ಎಂಟಾಣೆಯಷ್ಟಗಲದ ಕಲೆ.

‘ಅಕ್ಕಾ, ಬೇಜಾರು ಮಾಡ್ಕೋಬೇಡಿ. ಒಂದು ಕುದುರೆಗೆ ಒಂದು ಸೂಜಿ. ಎಲ್ಲರೂ ತಮ್ಮ ಕುದುರೆ ಹಿಡ್ಕೊಂಡು ಬಂದು ಪಟ್ಟಿಯಲ್ಲಿರೋದು ಇದೇ ಅಂತಾರೆ. ಇದು ಬಿಂದುಮಾಧವನ ಕುದುರೆ ಅಲ್ಲ, ಜಟಕಾ ಕುದುರೆ.’

‘ಎರಡೂ ಹೌದು,’ ಎಂದೆ. ‘ಸುಳಿ ಸುಟ್ಟಿದೆ. ಸುಡುವಾಗ ಹಗ್ಗ ಹಿಡಿದಿದ್ದವಳು ನಾನೇ.’

ಹೊರಗಿನವರ ಮುಂದೆ ಅದನ್ನು ಹೇಳಿದ್ದು ಅದೇ ಮೊದಲು. ಅವರು ನಂಬಲಿಲ್ಲ. ಯಾಕೆ ನಂಬಬೇಕು? ಅಷ್ಟರಲ್ಲಿ ನಂಜುಂಡಯ್ಯನವರು ಮೆಟ್ಟಿಲಿಳಿದು ಬಂದರು. ದೂರದಿಂದಲೇ ಅವಳನ್ನು ಒಂದು ಸುತ್ತು ನೋಡಿ, ‘ಇದೇ ಕಣ್ರೀ, ನಾನು ವಾಪಸ್ ಕಳಿಸಿದ್ದು’ ಎಂದರು. ‘ಗುರುತು ಬೇಕಾ? ಕುದುರೆ ಮೇಲಿನ ಗುರುತು ಹೋಗಿದ್ರೆ ಹೋಗ್ಲಿ, ನನ್ನ ಮೇಲಿದೆ.’ ಬನಿಯನ್ ಸರಿಸಿ ಎಡಭುಜ ತೋರಿಸಿದರು. ಅರ್ಧಚಂದ್ರದ ಹಾಗೆ ಹಲ್ಲಿನ ಗುರುತು. ನಿನ್ನ ನವಣೆ ಆ ಒಂಬತ್ತು ದಿನದಲ್ಲಿ ಕಚ್ಚಿದ್ದಳಂತೆ. ಸುಳಿಯ ಜೊತೆ ಅದೂ ಒಂದು ಕಾರಣವಾಗಿತ್ತು ಎಂದು ಏಳು ವರ್ಷದ ಮೇಲೆ ತಿಳಿಯಿತು. ಗುರುಸಿದ್ದಯ್ಯ ನಕ್ಕರು, ಥರ್ಮಾಸಿಗೆ ಕೈಹಾಕಿದರು, ಇನ್ನೊಂದು ಕೈಯನ್ನು ಅವಳ ಕತ್ತಿನ ಮೇಲಿಟ್ಟರು. ನಗು ನಿಂತಿತು.

‘ಒದ್ದೆ ಇದೆ. ಓಡಿಸ್ಕೊಂಡು ಬಂದ್ರಾ?’

ಬೆಟ್ಟಯ್ಯ ಹೆಗಲ ಮೇಲಿನ ವಸ್ತ್ರದಿಂದ ಅವಳ ಕತ್ತು ಒರೆಸಿದ.

‘ದಣಿದ ಮೈಗೆ ಈ ಸೂಜಿ ಹಾಕೋ ಹಾಗಿಲ್ಲ ಅಕ್ಕಾ. ಹಾಕಿದ ಮೇಲೂ ಇಪ್ಪತ್ತೊಂದು ದಿನ ನೊಗ ಮುಟ್ಟೋ ಹಾಗಿಲ್ಲ. ನಿಮ್ಮ ತಮ್ಮ ಬರೀಲಿಲ್ವ?’

ನೀನು ಬರೆದಿರಲಿಲ್ಲ. ತೋಟದಲ್ಲಿ ನಿಂತ ಕುದುರೆಗೆ ಅದನ್ನು ಯಾಕೆ ಬರೆಯಬೇಕು?

ಹೊಗೆಸೊಪ್ಪು ಒಣಗಿಸುವ ಖಾಲಿ ಮನೆಯಲ್ಲಿ ನೆರಳಿಗೆ ಕಟ್ಟಿದರು. ಕಾಲಿಗೆ ನೀರು ಹಾಕಿದರು. ಮೈಯ ಕಾವು 103, ಕುದುರೆಗೆ ನೂರು ಸಾಮಾನ್ಯವಂತೆ. ಹನ್ನೆರಡೂವರೆಗೆ 102. ಐಸ್ ಕರಗುತ್ತಿತ್ತು. ನಾನು ಹತ್ತು ನಿಮಿಷಕ್ಕೊಮ್ಮೆ ಮುಚ್ಚಳ ನೋಡುತ್ತಿದ್ದೆ, ಗುರುಸಿದ್ದಯ್ಯ ಕೊನೆಗೆ, ‘ನೀವು ನೋಡಿದಷ್ಟೂ ಬೇಗ ಕರಗುತ್ತೆ’ ಎಂದರು. ಮೂರು ಗಂಟೆಗೆ 101ಕ್ಕೆ ಸ್ವಲ್ಪ ಮೇಲೆ. ಇನ್ನು ಕಾಯುವ ಹಾಗಿಲ್ಲ, ಹಾಕುವುದೂ ಪೂರ್ತಿ ಸರಿಯಲ್ಲ, ಕುದುರೆಯವರು ಹೇಳಬೇಕು ಎಂದರು. ನಾನು ಬಾಯಿ ತೆರೆದೆ. ಅವರು ನೋಡುತ್ತಿದ್ದದ್ದು ಬೆಟ್ಟಯ್ಯನನ್ನು.

ಅವನು ನನ್ನನ್ನು ಕೇಳಿದ. ‘ಉಳಿತಳಾ ಅವ್ವಾರೆ?’

‘ಗೊತ್ತಿಲ್ಲ ಬೆಟ್ಟಯ್ಯ.’

‘ಗೊತ್ತು ಅಂದಿದ್ರೆ ಬ್ಯಾಡ ಅಂತಿದ್ದೆ. ಆಕ್ಬುಡಿ ಡಾಕ್ಟ್ರೇ.’

ಹಾಕಿದರು. ನಂಜುಂಡಯ್ಯನವರೇ ಮುಂದೆ ಬಂದು, ಇಪ್ಪತ್ತೊಂದು ದಿನ ಇಲ್ಲೇ ಇರಲಿ ಎಂದರು. ‘ಸುಳಿ ಹೋಯ್ತಲ್ಲ, ಇನ್ನೇನು. ಹೊಗೆಸೊಪ್ಪಿನ ವಾಸನೆಗೆ ನುಸಿ ಇರಲಿ, ನನ್ನ ಹೆಂಡತೀನೇ ಈ ಕಡೆ ಬರೋಲ್ಲ.’ ಬೆಟ್ಟಯ್ಯ ತೋಟದ ಕೆಲಸಕ್ಕೆ ನಿಂತುಕೊಂಡ. ನಾನು ಬಸ್ಸಿನಲ್ಲಿ ಬಂದೆ.

ಹೀಗಾಗಿ ಇವತ್ತು, ಬಿಂದು, ನವಣೆ ನಿಜವಾಗಿ ತೋಟದಲ್ಲಿದ್ದಾಳೆ.

ಪ್ರೇಮ


ಸರಸ್ವತಿಪುರಂ
14 ಜೂನ್ 1960

ಬಿಂದು,

ಐದನೆಯ ದಿನ. ಸ್ಕೂಲು ಮುಗಿಸಿ ದಿನವೂ ಬಸ್ಸಿನಲ್ಲಿ ತೋಟಕ್ಕೆ ಹೋಗಿ ಬರುತ್ತೇನೆ. ಬೆಳಿಗ್ಗೆ 100.4. ಹುಲ್ಲು ತಿಂದಳು. ಬೆಟ್ಟಯ್ಯ ದಿನವೂ ಹೆಬ್ಬೆರಳನ್ನು ಕಣ್ಣಿನ ಮೇಲಿನ ಗುಳಿಗೆ ಇಟ್ಟು ನೋಡುತ್ತಾನೆ. ‘ಬೆಟ್ಟು ಓಯ್ತದೆ’ ಎಂದ. ಗುಳಿ ಆಳವಾಗಿಯೇ ಇದೆ ಎಂದರ್ಥ. ನಿನ್ನಿಂದ ಕಾಗದವಿಲ್ಲ.

ಪ್ರೇಮ


ಜೈಪುರ
16 ಜೂನ್ 1960

ನಾಲ್ಕು ಸಲ ಓದಿದೆ.

ಮಾವಿನಕಾಯಿ ಮೂಸುವುದು, ಬಾವಿಯ ಹಗ್ಗ ಕಚ್ಚಿ ಎಳೆಯುವುದು, ನಂಜುಂಡಯ್ಯನವರ ಮೊಮ್ಮಗಳಿಗೆ ಬೆನ್ನು ಕೊಟ್ಟು ನಿಲ್ಲುವುದು. ಇದೆಲ್ಲ ಎಲ್ಲಿಂದ ತಂದೆ? ಸುಳ್ಳು ಹೇಳಿದ್ದಕ್ಕಿಂತ ಅಷ್ಟು ಚೆನ್ನಾಗಿ ಹೇಳಿದ್ದು ನನಗೆ ಸಹಿಸಲಾಗುತ್ತಿಲ್ಲ. ಬೆಳಿಗ್ಗೆ ಲಾಯಕ್ಕೆ ಹೋಗುವ ಮೊದಲು ನೆನೆಸಿಕೊಳ್ಳಲು ನನಗೆ ಒಂದೇ ಒಂದು ಕುದುರೆ ಇತ್ತು, ಚಿಂತೆ ಮಾಡಬೇಕಿಲ್ಲದ್ದು. ಏಳು ವರ್ಷ ನೂರಾರು ಕುದುರೆಗಳ ಕಾಲು, ಹೊಟ್ಟೆ, ಗೊರಸು ನೋಡಿದೆ. ಅದೊಂದನ್ನು ನೋಡಬೇಕಿರಲಿಲ್ಲ.

ಸರಿ, ನಾನೂ ಹೇಳುತ್ತೇನೆ. ನಮ್ಮಲ್ಲಿ ಕ್ಷೇಮವಿಲ್ಲ. ಲಾಯದಲ್ಲಿ ಎಷ್ಟು ಕುದುರೆಗಳ ಜಾಗ ಖಾಲಿಯಾಗಿದೆ ಎಂದು ಬರೆಯುವಂತಿಲ್ಲ, ಸೈನ್ಯದ ವಿಷಯ. ಬೆಳಿಗ್ಗೆ ಮೇಯುತ್ತಿದ್ದದ್ದು ಸಂಜೆಗೆ ಮೂಗಿನಲ್ಲಿ ನೊರೆ ತುಂಬಿಕೊಂಡು ನಿಂತಿರುತ್ತದೆ, ನಿಂತೇ ಸಾಯಲು ನೋಡುತ್ತದೆ.

ಹೋದ ತಿಂಗಳು ಟಾಂಗಾದವನೊಬ್ಬ ಗೇಟಿಗೆ ಬಂದ. ಕಾಠಿಯಾವಾಡಿ ಹೆಣ್ಣು ಕುದುರೆ. ಟಾಂಗಾದವರ ಸರದಿ ಇನ್ನೂ ಬಂದಿಲ್ಲ ಎಂದು ಪಟ್ಟಿ ತೋರಿಸಿ ಕಳಿಸಿದೆ. ಮೂರನೆಯ ದಿನ ಅವನ ಕುದುರೆ ಆ ಗೇಟಿನ ಮುಂದೆಯೇ ಬಿತ್ತು. ಅದೇ ಸಂಜೆ ನಾನು ಗುರುಸಿದ್ದಯ್ಯನಿಗೆ ಬರೆದದ್ದು, ನನ್ನ ಕುದುರೆಯನ್ನು ಪಟ್ಟಿಯ ಮೇಲೆ ಹಾಕು ಎಂದು. ಇದನ್ನು ಯಾರಿಗೂ ಹೇಳಿಲ್ಲ.

ಎಂಟರಿಂದ ಹದಿಮೂರನೆಯ ದಿನ ಜ್ವರ ಬರುತ್ತದೆ. ಬರಬೇಕು ಕೂಡ. 105 ದಾಟಿದರೆ, ಅಥವಾ ಗುಳಿ ತುಂಬಿದರೆ, ಅಥವಾ ನಡೆಯುವಾಗ ತೂರಾಡಿದರೆ ಗುರುಸಿದ್ದಯ್ಯನನ್ನು ಕರೆಸು. ಅವಳ ಹತ್ತಿರ ಕುಳಿತು ಓದಿ ಹೇಳುವುದು, ಮುದ್ದು ಮಾಡುವುದು, ಏನೂ ಬೇಡ. ಅಂಕಿ ಬರೆ. ಬರೀ ಅಂಕಿ.

ಬಿಂದುಮಾಧವ


ಸರಸ್ವತಿಪುರಂ
17 ಜೂನ್ 1960

ಎಂಟನೆಯ ದಿನ. ಬೆಳಿಗ್ಗೆ 102.6. ಸಂಜೆ 104.2. ಹುಲ್ಲು ಮುಟ್ಟಲಿಲ್ಲ. ನೀರು ಅರ್ಧ ಬಕೆಟ್ಟು.


18 ಜೂನ್

104.8. ಗುಳಿಯಲ್ಲಿ ಬೆರಳು ಮೊದಲಿನಷ್ಟು ಹೋಗುವುದಿಲ್ಲ ಎಂದು ನನಗೆ ಅನ್ನಿಸುತ್ತದೆ. ಹೋಗುತ್ತದೆ ಎನ್ನುತ್ತಾನೆ ಬೆಟ್ಟಯ್ಯ. ಅವನ ಬೆರಳು ದಪ್ಪ, ನನ್ನದು ತೆಳು, ಹಾಗಿರುವಾಗ ನನ್ನದೇ ಹೆಚ್ಚು ಹೋಗಬೇಕಲ್ಲವೆ? ಗುರುಸಿದ್ದಯ್ಯ ಬಂದು ನೋಡಿದರು. ಕಾಯಿರಿ ಎಂದರು.


20 ಜೂನ್

104.4. 104. ಇವತ್ತು ನಿನ್ನ 16ರ ಕಾಗದ ಬಂತು. ಟಾಂಗಾದವನ ವಿಷಯ ಓದಿದೆ. ಅಂಕಿ ಮಾತ್ರ ಬರೆ ಎಂದಿದ್ದೀಯ, ಅದಕ್ಕೇ ಇಷ್ಟೇ.


22 ಜೂನ್

ಬೆಳಿಗ್ಗೆ 102. ಸಂಜೆ 101.2. ಗುಳಿಯಲ್ಲಿ ಬೆರಳು ಹೋಗುತ್ತದೆ, ನನ್ನದೂ. ನಂಜುಂಡಯ್ಯನವರ ಬೇಲಿಯ ಕುಂಬಳ ಬಳ್ಳಿಯನ್ನು ತಿಂದಳು. ಅದನ್ನು ಅಂಕಿಯಲ್ಲಿ ಹೇಗೆ ಬರೆಯುವುದೋ ತಿಳಿಯದು.

ಪ್ರೇಮ


ಜೈಪುರ
26 ಜೂನ್ 1960

ಅಕ್ಕಾ,

22ರ ಕಾರ್ಡು ಇವತ್ತು ಬಂತು. ಓದಿ ಲಾಯದ ಬಾಗಿಲಲ್ಲೇ ಕೂತುಬಿಟ್ಟೆ. ನನ್ನ ಕೆಳಗಿನವನು ಊರಿನಿಂದ ಸಾವಿನ ಸುದ್ದಿ ಬಂತೆಂದು ತಿಳಿದು ನೀರು ತಂದುಕೊಟ್ಟ.

ಇನ್ನು ನಾನು ಸಿಟ್ಟಿನಲ್ಲಿ ಬರೆಯುವುದಿಲ್ಲ. ನಂಜುಂಡಯ್ಯನವರಿಂದ ಒಂದು ಕಾಗದ ಬಂದಿದೆ. ಅವಳನ್ನು ಅಲ್ಲೇ ಇಟ್ಟುಕೊಳ್ಳಲು ಅವರು ತಯಾರು, ಈಗ ಅವರ ತಾಯಿಯೂ ಇಲ್ಲ. ಹದಿನಾಲ್ಕು ವರ್ಷದ ಕುದುರೆ, ಜ್ವರ ತಿಂದು ಎದ್ದವಳು. ಡಾಂಬರು ರಸ್ತೆಯಲ್ಲಿ ಜಟಕಾ ಎಳೆಯುವುದು ಸಾಕು. ಬೆಟ್ಟಯ್ಯನಿಗೆ ಬೇರೆ ಕುದುರೆ ನಾನು ಕೊಡಿಸುತ್ತೇನೆ. ಅವಳು ತೋಟದಲ್ಲೇ ಇರಲಿ. ನೀನು ಏಳು ವರ್ಷ ಬರೆದದ್ದೆಲ್ಲ ಆಗ ನಿಜವಾಗುತ್ತದೆ. ಆ ಮಾತನ್ನು ನಾನು ಮತ್ತೆಂದೂ ಎತ್ತುವುದಿಲ್ಲ.

ಸರಿ ಎಂದು ಒಂದು ಸಾಲು ಬರೆ, ಸಾಕು.

ಬಿಂದು


ಸರಸ್ವತಿಪುರಂ
2 ಜುಲೈ 1960

ಪ್ರಿಯ ಬಿಂದು,

ನಿನ್ನ ಕಾಗದ ಮೊನ್ನೆ, ಇಪ್ಪತ್ತೊಂದನೆಯ ದಿನ, ನಾನು ತೋಟಕ್ಕೆ ಹೊರಡುವಾಗ ಬಂತು. ಬಸ್ಸಿನಲ್ಲಿ ಓದಿದೆ. ಅಷ್ಟು ಉದಾರವಾಗಿ ಯಾರೂ ನನ್ನನ್ನು ಕ್ಷಮಿಸಿಲ್ಲ. ಇಲವಾಲ ಬರುವವರೆಗೂ ನನ್ನ ಉತ್ತರ ‘ಸರಿ’ ಎಂದೇ ಆಗಿತ್ತು. ನೀನು ಕೇಳಿದ ಒಂದು ಸಾಲನ್ನು ಮನಸ್ಸಿನಲ್ಲಿ ಬರೆದೂ ಬಿಟ್ಟಿದ್ದೆ.

ತೋಟದಲ್ಲಿ ಬೆಟ್ಟಯ್ಯ ಅವಳ ಮೈ ತಿಕ್ಕುತ್ತಿದ್ದ. ಆ ಬೆಳಿಗ್ಗೆ ಕೆಸರೆಯಿಂದ ಅವನ ಹೆಂಡತಿ ಪುಟ್ಟತಾಯಮ್ಮ ಬಂದಿದ್ದಳು. ಅವರ ಬೀದಿಯಲ್ಲಿ ಎರಡು ಜಟಕಾ ಕುದುರೆಗಳು ವಾರದಲ್ಲಿ ಸತ್ತವಂತೆ. ಅದೇ ಜಾಡ್ಯವೋ ಬೇರೆಯೋ ಗುರುಸಿದ್ದಯ್ಯ ಹೇಳಲೊಲ್ಲರು. ಮಿಕ್ಕವರು ತಮ್ಮ ಕುದುರೆಗಳಿಗೆ ಗೋಣಿಚೀಲ ಹೊದಿಸಿ, ಹೊತ್ತು ಮುಳುಗುವ ಮೊದಲೇ ಮನೆಯೊಳಗೆ, ತಾವು ಮಲಗುವ ಕಡೆಯೇ ಕಟ್ಟಿಕೊಳ್ಳುತ್ತಿದ್ದಾರಂತೆ. ‘ಎಲ್ಲಾ ನಮ್ ಮನೆ ಕಡೇನೇ ನೋಡ್ತಾರೆ ಕಣ್ರವ್ವ, ನಿಮ್ದೊಂದಕ್ಕೆ ಎಂಗ್ ಸಿಕ್ತು ಸೂಜಿ ಅಂತ’ ಎಂದಳು.

ನಿನ್ನ ಮಾತನ್ನು ಬೆಟ್ಟಯ್ಯನಿಗೆ ಹೇಳಿದೆ. ಬೇರೆ ಕುದುರೆ ಕೊಡಿಸುತ್ತಾರೆ, ಇವಳು ಇಲ್ಲೇ ಇರಲಿ ಅನ್ನುತ್ತಾರೆ ಎಂದೆ. ಅವನು ತಿಕ್ಕುವುದನ್ನು ನಿಲ್ಲಿಸಲಿಲ್ಲ. ‘ನಿಮ್ ತಮ್ಮೋರು ದೊಡ್ಡೋರು. ಆಯ್ತು ಅನ್ನದೆ ನಾನೇನನ್ಲಿ’ ಎಂದ. ಪುಟ್ಟತಾಯಮ್ಮ ಮಾತ್ರ, ‘ಆಯ್ತಂತೆ ಆಯ್ತು! ಜ್ವರದಲ್ಲಿ ಆರ್ ದಿನ ಮಗ್ಗುಲಲ್ಲೇ ಕುಂತೋನು ನೀನಾ, ಅವ್ರಾ?’ ಎಂದು ಗದರಿದಳು. ಆಗ ಅವನು ಬೇರೆ ಕಡೆ ತಿರುಗಿ ಮುಖ ಒರೆಸಿಕೊಂಡ.

ಬಿಂದು, ಸರಿ ಎಂದು ನಾನು ಬರೆಯಲಾರೆ. ಡಾಕ್ಟರು ‘ಕುದುರೆಯವರು ಹೇಳಬೇಕು’ ಎಂದಾಗ ನೋಡಿದ್ದು ಅವನನ್ನು, ಅದು ಸರಿಯಾಗಿಯೇ ಇತ್ತು. ಅವಳನ್ನು ನೀನು ಪ್ರೀತಿಸಿದೆ, ನಾನು ನಿನಗಾಗಿ ಅವಳನ್ನು ಕಾಗದದಲ್ಲಿ ಸಾಕಿದೆ. ಅವನು ಅವಳನ್ನು ಸಾಕಿದ್ದಾನೆ. ನಿನ್ನ ಗೇಟಿಗೆ ಬಂದವನನ್ನು ನೀನು ಮರೆಯಲಾಗುತ್ತಿಲ್ಲ ಎಂದು ನನಗೆ ಗೊತ್ತು. ಇಲ್ಲಿ ಒಬ್ಬ ಜಟಕಾದವನ ಕುದುರೆ ಉಳಿದಿದೆ. ಅದನ್ನು ಅವನ ಕೈಯಿಂದ ಬಿಡಿಸಿ ನನ್ನ ಹಳೆಯ ಸುಳ್ಳುಗಳಿಗೆ ಬೆಲೆ ಕಟ್ಟುವುದು ಬೇಡ. ಅವು ಸುಳ್ಳಾಗಿಯೇ ಇರಲಿ. ನೀನು ಆ ಮಾತನ್ನು ಬೇಕಾದಾಗ ಎತ್ತು.

ಕರೆದುಕೊಂಡು ಹೋಗು ಎಂದು ಬೆಟ್ಟಯ್ಯನಿಗೆ ಹೇಳಿದೆ. ಈ ನಿರ್ಧಾರ ತಪ್ಪೇ ಇರಬಹುದು. ಸೂಜಿ ಎಷ್ಟು ದಿನ ಕಾಯುತ್ತದೆ ಎಂದು ಗುರುಸಿದ್ದಯ್ಯನಿಗೂ ಗೊತ್ತಿಲ್ಲ. ಮಳೆ ಹಿಡಿದಿದೆ, ನುಸಿ ಕಡಿಮೆಯಾಗಿಲ್ಲ. ಹದಿನೈದು ದಿನ ಖಾಲಿ ಗಾಡಿ, ಆಮೇಲೆ ಒಬ್ಬರೇ ಸವಾರಿ ಎಂದಿದ್ದಾರೆ. ನಾನು ಸ್ಕೂಲಿಗೆ ನಡೆದು ಹೋಗುತ್ತಿದ್ದೇನೆ.

ಈಗ ಹೇಗಿದ್ದಾಳೆ ಎಂದು ನೀನು ಕೇಳುತ್ತೀಯ. ನಾನು ಬರೆಯುವುದಿಲ್ಲ. ಬರೆದರೆ ಚೆನ್ನಾಗಿ ಬರೆದುಬಿಡುತ್ತೇನೆ, ನನಗೆ ಅದರದ್ದೇ ಭಯ. ರಜೆ ಸಿಕ್ಕಿದ ಕೂಡಲೇ ಬಾ. ಬೆಂಗಳೂರಿನ ರೈಲು ಬರುವ ಹೊತ್ತಿಗೆ ಜಟಕಾ ಸ್ಟೇಷನ್ನಿನ ಹೊರಗೆ ನಿಂತಿರುತ್ತದೆ. ಬೆಟ್ಟಯ್ಯನಿಗೆ ನಿನ್ನ ಗುರುತಿಲ್ಲ. ಅವಳಿಗೆ ಇದೆಯೋ ಇಲ್ಲವೋ, ನನಗೆ ಗೊತ್ತಿಲ್ಲ.

ಪ್ರೇಮಕ್ಕ